ಹಳೆಯ ಜಿಪ್ಸಿಯ ಸ್ಟೇರಿಂಗ್ ಲೂಜಾಗಿದೆಯೇ? ಸ್ಕ್ರೂ ಬಿಗಿಸುವುದೋ, ಎಂಡ್ ಬದಲಿಸುವುದೋ, ಬಾಕ್ಸ್ ಬಿಚ್ಚುವುದೋ

ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿದ್ದುತ್ತಲೇ ಇರಬೇಕಾದ ಗಾಡಿಗೆ ಬಳ್ಳಾರಿ–ಹೊಸಪೇಟೆ ಹೆದ್ದಾರಿ ಎಷ್ಟು ಅಗಲವಿದ್ದರೂ ಸಾಲದು. ತೋರಣಗಲ್ಲಿನ ಹತ್ತಿರ ಅದಿರು ಲಾರಿಯೊಂದು ಪಕ್ಕದಲ್ಲಿ ಹಾದುಹೋದರೆ ಸಾಕು, ಆ ಗಾಳಿಯ ಹೊಡೆತಕ್ಕೆ ಗಾಡಿ ಒಂದಿಷ್ಟು ಸರಿದು, ಆಮೇಲೆ ನಿಮ್ಮ ಕೈಗೆ ಸಿಗುತ್ತದೆ. ಆ ಒಂದು ಕ್ಷಣದ ತಡವೇ ಸ್ಟೇರಿಂಗ್ ಪ್ಲೇ.

ನಮ್ಮ ಭಾಗದಲ್ಲಿ ಎರಡು ಬಾಗಿಲಿನ, ಹಗುರವಾದ, ರ‍್ಯಾಲಿಗೂ ಗಣಿ ರಸ್ತೆಗೂ ಹೊಲದ ದಾರಿಗೂ ಇಳಿಯುವ ಹಳೆಯ ಗಾಡಿ ಎಂದರೆ ಮಾರುತಿ ಜಿಪ್ಸಿ. 1985ರಲ್ಲಿ ಬಂದ ಮಾದರಿ. ಮುಂದೆ ಗಟ್ಟಿ ಆಕ್ಸಲ್, ಪಟ್ಟಿ ಸ್ಪ್ರಿಂಗ್, ಒಳಗೆ ಗುಂಡುಗಳು ಸುತ್ತುವ ಸ್ಟೇರಿಂಗ್ ಬಾಕ್ಸ್. ಈ ಬರಹ ಮುಖ್ಯವಾಗಿ ಅದರ ಬಗ್ಗೆ. ಝೆನ್, ಎಸ್ಟೀಮ್‌ನಂಥ ರ‍್ಯಾಕ್ ಸ್ಟೇರಿಂಗಿನ ಹಳೆಯ ಕಾರುಗಳ ಮಾತು ಕೊನೆಯ ಕಡೆಗೆ ಚಿಕ್ಕದಾಗಿ ಬರುತ್ತದೆ.

ಪ್ಲೇ ಇದೆ ಎಂದ ಕೂಡಲೇ ಬಹಳ ಕಡೆ ಮೊದಲು ಆಗುವ ಕೆಲಸ ಒಂದೇ: ಬಾಕ್ಸಿನ ತಲೆಯ ಮೇಲಿರುವ ಸ್ಕ್ರೂವನ್ನು ಬಿಗಿಸಿ ಗಾಡಿ ಕಳಿಸುವುದು. ಆ ಸ್ಕ್ರೂ ಕೊನೆಗೆ ಮುಟ್ಟಬೇಕಾದದ್ದು. ಬಾಕ್ಸ್ ಚೆನ್ನಾಗಿದ್ದು ಟೈ ರಾಡ್ ಎಂಡ್ (ಎರಡು ಮುಂಚಕ್ರಗಳನ್ನು ಜೋಡಿಸುವ ರಾಡಿನ ತುದಿಯ ಗುಂಡಿನ ಜಾಯಿಂಟ್) ಸವೆದಿದ್ದರೆ, ಸ್ಕ್ರೂ ಬಿಗಿಸಿದಾಗ ಒಳ್ಳೆಯ ಬಾಕ್ಸ್ ಹಾಳಾಗುತ್ತದೆ, ಸವೆದ ಎಂಡ್ ಹಾಗೇ ಉಳಿಯುತ್ತದೆ. ಯಾವ ದಾರಿ ಹಿಡಿಯಬೇಕು ಎಂಬುದನ್ನು ದುಡ್ಡಿಗಿಂತ ಮೊದಲು ಪ್ಲೇ ಎಲ್ಲಿದೆ ಎಂಬುದು ತೀರ್ಮಾನಿಸಬೇಕು.

ಮೊದಲು ಅಳೆಯಿರಿ

ಗಾಡಿ ಸಮನೆಲದ ಮೇಲಿರಲಿ, ಚಕ್ರ ನೇರವಿರಲಿ, ಎಂಜಿನ್ ಬಂದ್ ಇರಲಿ. ಡ್ಯಾಶ್‌ಬೋರ್ಡಿಗೆ ಒಂದು ತಂತಿಯನ್ನು ಟೇಪಿನಿಂದ ಅಂಟಿಸಿ, ಅದರ ತುದಿ ಸ್ಟೇರಿಂಗಿನ ಅಂಚಿಗೆ ತಾಗುವಂತೆ ಬಗ್ಗಿಸಿ. ಒಂದೇ ಬೆರಳಿನಿಂದ ಸ್ಟೇರಿಂಗನ್ನು ಎಡಕ್ಕೆ ತಳ್ಳಿ. ಮುಂದಿನ ಟೈರು ಅಲುಗುವ ಕ್ಷಣದಲ್ಲಿ ನಿಲ್ಲಿಸಿ, ಅಂಚಿನ ಮೇಲೆ ಗುರುತು ಹಾಕಿ. ಬಲಕ್ಕೂ ಹಾಗೇ. ಎರಡು ಗುರುತುಗಳ ನಡುವೆ 10ರಿಂದ 30 ಮಿ.ಮೀ. ಇದ್ದರೆ ಜಿಪ್ಸಿಯ ಮಟ್ಟಿಗೆ ಅದು ಸಹಜ. ಗುಂಡುಗಳ ಬಾಕ್ಸಿನಲ್ಲಿ ಪ್ಲೇ ಸೊನ್ನೆ ಇರಬೇಕೆಂದು ಹಟ ಹಿಡಿದವರೇ ಬಾಕ್ಸ್ ಕೆಡಿಸಿಕೊಳ್ಳುವುದು. 30 ದಾಟಿದ್ದರೆ ಮುಂದಕ್ಕೆ ಓದಿ.

ಈಗ ಒಬ್ಬರು ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಆ ಪ್ಲೇ ಇರುವಷ್ಟೇ ಅಗಲಕ್ಕೆ ಸಣ್ಣಗೆ ಆಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಮಲಗಿ, ಸ್ಟೇರಿಂಗಿನಿಂದ ಚಕ್ರದ ಕಡೆಗೆ ಒಂದೊಂದೇ ಜಾಯಿಂಟಿನ ಮೇಲೆ ಕೈಯಿಟ್ಟು ನೋಡುತ್ತ ಬರಬೇಕು. ಗಾಡಿಯನ್ನು ಜಾಕ್ ಮೇಲೆ ಎತ್ತಬೇಡಿ; ಟೈರು ನೆಲವನ್ನು ಹಿಡಿದಿದ್ದರೆ ಮಾತ್ರ ಸವೆದ ಜಾಗ ತನ್ನನ್ನು ತೋರಿಸಿಕೊಡುತ್ತದೆ. ಕಣ್ಣಿಗಿಂತ ಕೈ ಇಲ್ಲಿ ನಂಬಿಕಸ್ತ. ಜಾಯಿಂಟಿನ ಎರಡೂ ಬದಿಗೆ ಬೆರಳು ತಾಗಿಸಿ ಹಿಡಿದರೆ ಅರ್ಧ ಮಿ.ಮೀ. ಅಲುಗಾಟವೂ ತಿಳಿಯುತ್ತದೆ.

ಬಾಕ್ಸಿಗೆ ಹೋಗುವ ಶಾಫ್ಟಿನ ರಬ್ಬರ್ ಕಪ್ಲಿಂಗ್ ಮೊದಲ ಜಾಗ. ರಾಯಚೂರಿನ ಬಿಸಿಲಿಗೆ ಈ ರಬ್ಬರು ಒಣಗಿ, ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಅಗಲವಾಗಿರುತ್ತದೆ. ಶಾಫ್ಟಿನ ಮೇಲ್ಭಾಗ ತಿರುಗಿ ಕೆಳಭಾಗ ತಡವಾಗಿ ತಿರುಗಿದರೆ ತಪ್ಪು ಅಲ್ಲೇ ಇದೆ. ಎರಡನೆಯದು ಬಾಕ್ಸನ್ನು ಚಾಸಿಗೆ ಕಟ್ಟಿದ ಬೋಲ್ಟುಗಳು. ಬಾಕ್ಸೇ ಮೈ ಕುಲುಕಿದರೆ ಬೋಲ್ಟ್ ಸಡಿಲ, ಇಲ್ಲವೇ ಚಾಸಿ ಅಲ್ಲಿ ಸೀಳಿದೆ. ದೊಡ್ಡ ಟೈರು ಹಾಕಿದ ಜಿಪ್ಸಿಗಳಲ್ಲಿ ಈ ಸೀಳು ಬರುವುದುಂಟು. ಕೆಂಪು ಧೂಳು ಕೂತ ಚಾಸಿಯ ಮೇಲೆ ಅದು ಕಾಣುವುದಿಲ್ಲ. ಡೀಸೆಲ್ ಹಚ್ಚಿ ಬ್ರಷ್‌ನಿಂದ ತೊಳೆದು ಒರೆಸಿದ ಮೇಲೆ ನೋಡಿ. ಮೂರನೆಯದು ಬಾಕ್ಸಿನ ಒಳಗೆ ಹೋಗುವ ಶಾಫ್ಟ್ ತಿರುಗಿದಾಗ ಹೊರಗಿನ ಡ್ರಾಪ್ ಆರ್ಮ್ (ಬಾಕ್ಸಿನಿಂದ ಹೊರಬಂದ ತೋಳು) ಕೂಡಲೇ ಅಲುಗುತ್ತದೆಯೇ ಎಂಬುದು. ಅಲುಗದಿದ್ದರೆ ಮಾತ್ರ ಬಾಕ್ಸಿನ ಮೇಲೆ ಅನುಮಾನ ಪಡಬೇಕು. ಆಮೇಲೆ, ಆ ಆರ್ಮಿನಿಂದ ಚಕ್ರದ ಕಡೆಗೆ ಹೋಗುವ ರಾಡಾದ ಡ್ರ್ಯಾಗ್ ಲಿಂಕಿನ ಎರಡು ಎಂಡ್, ಟೈ ರಾಡಿನ ಎರಡು ಎಂಡ್.

ಕೊನೆಗೆ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಹಬ್ಬಿನ ಬೇರಿಂಗ್ ಸವೆದಿದೆ. ನಿಲ್ಲದಿದ್ದರೆ ಕಿಂಗ್ ಪಿನ್, ಅಂದರೆ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಪಿನ್ನಿನ ಬೇರಿಂಗ್. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಇಡೀ ನಕಲ್ (ಹಬ್ಬನ್ನು ಹೊತ್ತು ಎಡಬಲಕ್ಕೆ ತಿರುಗುವ ಭಾಗ) ಬಿಚ್ಚಿದವರು ಬಹಳ ಮಂದಿ.

ಎಂಡ್ ಬದಲಿಸುವುದು

ನಮ್ಮ ಅಂದಾಜಿನಲ್ಲಿ ಈ ಭಾಗದ ಜಿಪ್ಸಿಗಳಿಗೆ ಬೇಕಾಗಿರುವುದು ಹೆಚ್ಚಾಗಿ ಇದೇ. ಸಂಡೂರಿನ ಗಣಿ ರಸ್ತೆಯ ಧೂಳು ಬರೀ ಮಣ್ಣಲ್ಲ, ಅದರಲ್ಲಿ ಕಬ್ಬಿಣದ ಅದಿರಿನ ಪುಡಿಯಿದೆ. ಎಂಡಿನ ರಬ್ಬರ್ ಬೂಟು ಬಿಸಿಲಿಗೆ ಬಿರಿದು, ಆ ಪುಡಿ ಒಳಗಿನ ಗ್ರೀಸಿಗೆ ಸೇರಿತೆಂದರೆ, ವಾಲ್ವ್ ಅರೆಯುವ ಪೇಸ್ಟಿನಂತೆ ಗುಂಡನ್ನೂ ಬಟ್ಟಲನ್ನೂ ತಿನ್ನುತ್ತದೆ. ಬೂಟು ಹರಿದ ಎಂಡ್ ಇವತ್ತು ಬಿಗಿಯಾಗಿಯೇ ಇದ್ದರೂ ಅದರ ಆಯುಷ್ಯ ಮುಗಿಯುತ್ತ ಬಂದಿದೆ ಎಂದೇ ತಿಳಿಯಿರಿ.

ನಾಲ್ಕು ಎಂಡ್‌ಗಳಲ್ಲಿ ಒಂದು ಮಾತ್ರ ಹೋಗಿದ್ದರೂ ನಾಲ್ಕನ್ನೂ ಬದಲಿಸಿ. ಕೆಲಸದ ಶ್ರಮ ಹೆಚ್ಚುಕಡಿಮೆ ಅಷ್ಟೇ, ಅಲೈನ್‌ಮೆಂಟ್ ಒಂದೇ ಸಲ. ಕೊಳ್ಳುವಾಗ ನೆನಪಿಡಬೇಕಾದ್ದು: ಒಂದೇ ರಾಡಿನ ಒಂದು ತುದಿಗೆ ಬಲ ಮರೆ (ಥ್ರೆಡ್), ಇನ್ನೊಂದು ತುದಿಗೆ ಎಡ ಮರೆ. ಹಳೆಯದನ್ನು ಅಂಗಡಿಗೆ ಒಯ್ದು ಹೊಸದರ ಪಕ್ಕದಲ್ಲಿಟ್ಟು, ಮರೆ, ಪಿನ್ನಿನ ಟೇಪರಿನ (ತುದಿಗೆ ಸಣ್ಣದಾಗುವ ಭಾಗದ) ದಪ್ಪ, ಉದ್ದ ಮೂರನ್ನೂ ಹೋಲಿಸಿ. ಪಿನ್ನಿನ ಟೇಪರ್ ಆರ್ಮಿನ ತೂತಿನಲ್ಲಿ ಪೂರ್ತಿ ಕೂರಬೇಕು. ಕೂರದ ಎಂಡನ್ನು ನಟ್ಟಿನ ಬಲದಿಂದ ಎಳೆದು ಕೂರಿಸಿದರೆ ಅದು ಅಲುಗಿ ಅಲುಗಿ ಆರ್ಮಿನ ತೂತನ್ನೇ ಕೆಡಿಸುತ್ತದೆ.

ಬಿಚ್ಚುವಾಗ ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಎರಡು ಮೂರು ಮರೆ ಉಳಿಯುವಷ್ಟು ಸಡಿಲಿಸಿ, ಪುಲ್ಲರ್ ಹಾಕಿ. ಪುಲ್ಲರ್ ಇಲ್ಲದಿದ್ದರೆ ಆರ್ಮಿನ ಕಣ್ಣಿನ ಒಂದು ಬದಿಗೆ ಭಾರವಾದ ಸುತ್ತಿಗೆಯನ್ನು ಒತ್ತಿ ಹಿಡಿದು, ಎದುರು ಬದಿಗೆ ಇನ್ನೊಂದರಿಂದ ಚುರುಕಾಗಿ ಹೊಡೆಯಿರಿ. ಪಿನ್ನಿನ ತಲೆಗೆ ಹೊಡೆಯಬಾರದು, ಮರೆ ಹೋಗುತ್ತದೆ. ಗ್ಯಾಸ್ ಬೆಂಕಿ ಬೇಡವೇ ಬೇಡ. ಕಾಯಿಸಿದ ಆರ್ಮಿನ ಹದ ಹೋಗಿ ಮುಂದೆ ಯಾವತ್ತೋ ಬಾಗುತ್ತದೆ. ಎಂಡ್ ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಹೊಸದನ್ನು ಅಷ್ಟೇ ಸುತ್ತು ಹಾಕಿದರೆ ಅಲೈನ್‌ಮೆಂಟ್‌ಗೆ ಹೋಗುವವರೆಗೆ ಗಾಡಿ ಓಡಿಸುವಂತಿರುತ್ತದೆ. ನಟ್ಟು ಬಿಗಿದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ಸರಿಹೊಂದದಿದ್ದರೆ ನಟ್ಟನ್ನು ಮುಂದಕ್ಕೇ ತಿರುಗಿಸಬೇಕು. ಹಿಂದಕ್ಕೆ ಸಡಿಲಿಸಿ ತೂತು ಹೊಂದಿಸುವುದು ಪಕ್ಕಾ ತಪ್ಪು.

ಅಲೈನ್‌ಮೆಂಟ್ ಬಗ್ಗೆ ಒಂದು ಮಾತು. ಗಟ್ಟಿ ಆಕ್ಸಲ್ಲಿನ ಜಿಪ್ಸಿಯಲ್ಲಿ ತಿದ್ದಲು ಬರುವುದು ಟೋ ಇನ್ (ಎರಡು ಚಕ್ರಗಳ ಮುಂಭಾಗ ತುಸು ಒಳಕ್ಕಿರುವುದು) ಮಾತ್ರ. ಕ್ಯಾಂಬರ್ (ಚಕ್ರದ ಮೇಲ್ಭಾಗದ ಓರೆ) ತಿದ್ದಿದ್ದೇವೆ ಎಂದು ಯಾರಾದರೂ ಬಿಲ್ ಕೊಟ್ಟರೆ ಏನು ತಿರುಗಿಸಿದಿರಿ ಎಂದು ಕೇಳಿ. ಟೋ ಇನ್ ಮನೆಯಲ್ಲೂ ಅಳೆಯಬಹುದು: ಎರಡೂ ಟೈರಿನ ಹಿಂಭಾಗದಲ್ಲಿ, ಹಬ್ಬಿನ ಎತ್ತರಕ್ಕೆ, ನಡುವೆ ಸೀಮೆಸುಣ್ಣದ ಗೆರೆ ಹಾಕಿ ಅಂತರ ಅಳೆಯಿರಿ. ಗೆರೆ ಮುಂದೆ ಅದೇ ಎತ್ತರಕ್ಕೆ ಬರುವವರೆಗೆ ಗಾಡಿಯನ್ನು ಮುಂದಕ್ಕೆ ತಳ್ಳಿ ಮತ್ತೆ ಅಳೆಯಿರಿ. ಮುಂದಿನ ಅಳತೆ ಹಿಂದಿನದಕ್ಕಿಂತ 2ರಿಂದ 6 ಮಿ.ಮೀ. ಕಡಿಮೆ ಇರಬೇಕು.

ಕಿಂಗ್ ಪಿನ್ ಬೇರಿಂಗ್

ಗಂಗಾವತಿ, ಕಾರಟಗಿ, ಸಿಂಧನೂರಿನ ಕಾಲುವೆ ಬಯಲಿನಲ್ಲಿ, ನಾಟಿ ಕಾಲದ ಕೆಸರು ದಾರಿಯಲ್ಲಿ ಓಡುವ ಗಾಡಿಗಳಿಗೆ ಎಂಡಿಗಿಂತ ಮೊದಲು ಹೋಗುವುದು ಇದು. ನಕಲಿನ ಗೋಳದ ಸುತ್ತ ಇರುವ ಸೀಲ್ ಸವೆದಾಗ ನೀರು ಒಳಗೆ ಇಳಿದು, ಗ್ರೀಸು ಹಾಲಿನ ಕೆನೆಯಂತಾಗಿ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಒಂದೊಂದು ಬದಿಗೆ ಮೇಲೊಂದು ಕೆಳಗೊಂದು, ಒಟ್ಟು ನಾಲ್ಕು ಬೇರಿಂಗ್. ಗಾಡಿಯ ಬಹುಪಾಲು ಓಟ ನೇರವಾಗಿಯೇ ಆಗುವುದರಿಂದ ರೋಲರ್‌ಗಳು ಒಂದೇ ಜಾಗದಲ್ಲಿ ಕೂತು ಅಲ್ಲಲ್ಲೇ ಗುಳಿ ತೋಡುತ್ತವೆ. ಆಗ ಸ್ಟೇರಿಂಗ್ ನಡುವೆ ಸಿಕ್ಕಿಕೊಂಡಂತೆ, ಅದರಾಚೆ ಸಡಿಲಾದಂತೆ ಭಾಸವಾಗುತ್ತದೆ. 60ರಿಂದ 80 ಕಿ.ಮೀ. ವೇಗದಲ್ಲಿ ಒಂದು ಗುಂಡಿ ಬಡಿದ ಮೇಲೆ ಇಡೀ ಮುಂಭಾಗ ಅದುರಾಡಲು ಶುರುವಾಗಿ, ಗಾಡಿ ನಿಲ್ಲಿಸುವ ತನಕ ಬಿಡದಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಬೇರಿಂಗನ್ನು ಅದರ ಹೊರ ಬಳೆಯ ಸಮೇತ ಬದಲಿಸಬೇಕು, ಸೀಲ್ ಕಿಟ್ ಹೊಸದೇ ಇರಬೇಕು. ಪಿನ್ನಿನ ಕೆಳಗಿರುವ ತೆಳು ಬಿಲ್ಲೆಗಳಾದ ಶಿಮ್‌ಗಳು ಎಷ್ಟು, ಯಾವುದರಡಿ ಎಷ್ಟಿದ್ದವು ಎಂದು ಗುರುತಿಟ್ಟುಕೊಳ್ಳಿ. ಜೋಡಿಸಿದ ಮೇಲೆ, ಗೋಳದ ಸೀಲ್ ಹಾಕುವ ಮೊದಲು, ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಸುಮಾರು 1ರಿಂದ 1.8 ಕೆ.ಜಿ. ಎಳೆತಕ್ಕೆ ನಕಲ್ ಅಲುಗಲು ಶುರುವಾಗಬೇಕು. ಅದಕ್ಕಿಂತ ಹಗುರವಾಗಿ ಬಂದರೆ ಒಂದು ಶಿಮ್ ತೆಗೆಯಿರಿ. ಬಿಗಿಯಾಗಿದ್ದರೆ ಒಂದು ಸೇರಿಸಿ. ಸಂತೆಯಲ್ಲಿ ಸಿಗುವ ಸಾದಾ ತಕ್ಕಡಿ ಸಾಕು. ಈ ಅಳತೆ ಬಿಟ್ಟು ಕೈ ಅಂದಾಜಿನಲ್ಲಿ ಬಿಗಿಸಿದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ.

ಬಾಕ್ಸಿನ ಸ್ಕ್ರೂ: ಯಾವಾಗ, ಎಷ್ಟು

ಡ್ರಾಪ್ ಆರ್ಮ್ ತಡವಾಗಿ ಅಲುಗುವುದು ಕಂಡಮೇಲೆ ಮಾತ್ರ ಇಲ್ಲಿಗೆ ಬನ್ನಿ. ಬಾಕ್ಸಿನ ಒಳಗೆ ಸೆಕ್ಟರ್ ಶಾಫ್ಟಿನ (ಡ್ರಾಪ್ ಆರ್ಮ್ ಕೂರುವ ಶಾಫ್ಟಿನ) ಹಲ್ಲು ಮತ್ತು ಗುಂಡುಗಳ ಮೇಲೆ ಓಡುವ ನಟ್ಟಿನ ಹಲ್ಲು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಗಾಡಿ ನೇರ ಹೋಗುವ ಜಾಗದಲ್ಲಿ ಅವು ತುಸು ಹೆಚ್ಚು ಬಿಗಿ ಇರುವಂತೆ, ಎರಡೂ ಕೊನೆಗೆ ಹೋದಂತೆ ಸಡಿಲಾಗುವಂತೆ ಮಾಡಿರುತ್ತಾರೆ. ವರ್ಷಗಟ್ಟಲೆ ನೇರ ಓಡಿ ಸವೆಯುವುದು ಆ ನಡುವಿನ ಹಲ್ಲೇ. ನಡುವಿನ ಪ್ಲೇ ಹೋಗುವ ತನಕ ಸ್ಕ್ರೂ ಬಿಗಿಸಿದರೆ, ಸವೆಯದ ಅಕ್ಕಪಕ್ಕದ ಹಲ್ಲು ಕಚ್ಚಿ ನಿಲ್ಲುತ್ತದೆ. ಗಾಡಿ ತಿರುವಿನಿಂದ ಹೊರಬರುವಾಗ ಸ್ಟೇರಿಂಗ್ ಅಲ್ಲೇ ಹಿಡಿದುಕೊಂಡರೆ ಏನಾಗಬಹುದು ಎಂದು ಹೇಳಬೇಕಿಲ್ಲ.

ಕ್ರಮ ಹೀಗಿದೆ. ಮುಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಡ್ರಾಪ್ ಆರ್ಮಿನಿಂದ ಡ್ರ್ಯಾಗ್ ಲಿಂಕ್ ಕಳಚಿ. ಸ್ಟೇರಿಂಗನ್ನು ಮೆಲ್ಲಗೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತು ಎಣಿಸಿ, ಅರ್ಧಕ್ಕೆ ನಿಲ್ಲಿಸಿ. ಬಾಕ್ಸಿನ ನಿಜವಾದ ನಡು ಅದೇ. ಕೊನೆಗೆ ಹೋದಾಗ ಗುದ್ದಬೇಡಿ, ಒಳಗಿನ ಗುಂಡುಗಳ ನಳಿಗೆ ಕೆಡುತ್ತದೆ. ಲಾಕ್ ನಟ್ಟನ್ನು ಪಾನಾದಿಂದ ಸಡಿಲಿಸಿ, ಸ್ಕ್ರೂವನ್ನು ಸುತ್ತಿನ ಎಂಟನೇ ಒಂದು ಭಾಗದಷ್ಟು ಒಳಗೆ ತಿರುಗಿಸಿ, ಸ್ಟೇರಿಂಗನ್ನು ನಡುವಿನಿಂದ ಅತ್ತಿತ್ತ ದಾಟಿಸಿ ನೋಡಿ. ನಡು ದಾಟುವಾಗ ಬೆರಳಿಗೆ ಸಣ್ಣ ಹಿಡಿತ ತಿಳಿದರೆ ಸಾಕು. ಸ್ಕ್ರೂ ತಿರುಗದಂತೆ ಸ್ಕ್ರೂಡ್ರೈವರಿನಿಂದ ಹಿಡಿದೇ ಲಾಕ್ ನಟ್ ಬಿಗಿಯಿರಿ. ಆಮೇಲೆ ಕೊನೆಯಿಂದ ಕೊನೆಗೆ ಮತ್ತೊಮ್ಮೆ ತಿರುಗಿಸಿ; ಎಲ್ಲೂ ಕಚ್ಚಬಾರದು. ಒಟ್ಟು ಕಾಲು ಸುತ್ತಿನೊಳಗೆ ಕೆಲಸ ಆದರೆ ಬಾಕ್ಸ್ ಇನ್ನೂ ಬಾಳುತ್ತದೆ. ಅರ್ಧ ಸುತ್ತು ಬೇಕೆನಿಸಿದರೆ ಹಲ್ಲು ಸವೆದಿದೆ, ಸ್ಕ್ರೂ ಅದಕ್ಕೆ ಮದ್ದಲ್ಲ.

ಇಲ್ಲಿ ಗ್ಯಾರೇಜುಗಳಲ್ಲಿ ಆಗುವ ಇನ್ನೊಂದು ತಪ್ಪನ್ನು ಒತ್ತಿ ಹೇಳಬೇಕು. ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಚಕ್ರ ಓರೆ ಕಂಡರೆ, ಸ್ಟೇರಿಂಗನ್ನೇ ಬಿಚ್ಚಿ ಎರಡು ಹಲ್ಲು ಸರಿಸಿ ನೇರ ಕೂರಿಸಿ ಕೊಡುತ್ತಾರೆ. ನೋಡಲು ನೇರವಾಯಿತು, ನಿಜ. ಆದರೆ ಗಾಡಿ ನೇರ ಓಡುವಾಗ ಬಾಕ್ಸ್ ತನ್ನ ನಡುವಿನಲ್ಲಿ ಇರುವುದಿಲ್ಲ, ಸಡಿಲ ಬಿಟ್ಟ ಪಕ್ಕದ ಜಾಗದಲ್ಲಿರುತ್ತದೆ. ಹೊಸ ಬಾಕ್ಸ್ ಹಾಕಿದರೂ ಪ್ಲೇ ಹೋಗಲಿಲ್ಲ ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ. ಸರಿಯಾದ ದಾರಿ: ಬಾಕ್ಸನ್ನು ಸುತ್ತು ಎಣಿಸಿ ನಡುವಿಗೆ ತನ್ನಿ, ಚಕ್ರಗಳನ್ನು ನೇರ ಇಡಿ, ಡ್ರ್ಯಾಗ್ ಲಿಂಕಿನ ಉದ್ದವನ್ನು ಅದರ ಮರೆಯಲ್ಲಿ ತಿರುಗಿಸಿ ಎರಡಕ್ಕೂ ಹೊಂದಿಸಿ. ಅದಾದ ಮೇಲೂ ಸ್ಟೇರಿಂಗ್ ಓರೆ ಇದ್ದರೆ ಮಾತ್ರ ಅದನ್ನು ಬಿಚ್ಚಿ ಕೂರಿಸಬಹುದು.

ಬಾಕ್ಸ್ ಬಿಚ್ಚಿ ಕಟ್ಟುವುದೋ, ಬೇರೆಯದು ಹಾಕುವುದೋ

ಲಾರಿಗಳನ್ನು ನಂಬಿ ಬದುಕುವ ಊರುಗಳಲ್ಲಿರುವ ಲಾಭ ಇಲ್ಲಿದೆ. ಬಳ್ಳಾರಿ, ಹೊಸಪೇಟೆಯ ಲೇತ್ ಅಂಗಡಿಗಳಿಗೆ ಬುಷ್ ತಿರುವುವುದು ದಿನನಿತ್ಯದ ಕೆಲಸ. ಭತ್ತ ಕೊಯ್ಯುವ ಯಂತ್ರಗಳ ಕೆಲಸ ಹಿಡಿದ ಗಂಗಾವತಿ ಕಡೆಯವರೂ ಅಷ್ಟೇ. ಆದ್ದರಿಂದ ಬಾಕ್ಸಿನಲ್ಲಿ ಸೆಕ್ಟರ್ ಶಾಫ್ಟಿನ ಬುಷ್, ಬೇರಿಂಗ್, ಆಯಿಲ್ ಸೀಲ್ ಮಾತ್ರ ಹೋಗಿದ್ದರೆ ಬಿಚ್ಚಿ ಕಟ್ಟುವುದೇ ಒಳ್ಳೆಯದು. ಡ್ರಾಪ್ ಆರ್ಮನ್ನು ಹಿಡಿದು ಮೇಲೆ ಕೆಳಗೆ, ಅಕ್ಕಪಕ್ಕ ಅಲುಗಿಸಿದಾಗ ಶಾಫ್ಟೇ ಅಲುಗಿದರೆ ಬುಷ್ ಹೋಗಿದೆ. ಅಲ್ಲಿಂದ ಎಣ್ಣೆಯೂ ಸೋರುತ್ತಿರುತ್ತದೆ. ಗನ್‌ಮೆಟಲ್ ಬುಷ್ ತಿರುವಿಸಿ, ಒತ್ತಿ ಕೂರಿಸಿದ ಮೇಲೆ ರೀಮರ್ ಹಾಕಿ, ಶಾಫ್ಟಿಗೂ ಬುಷ್‌ಗೂ 0.05 ಮಿ.ಮೀ. ಮೀರದ ಅಂತರ ಉಳಿಸಲು ಹೇಳಿ. ಒತ್ತುವ ಮೊದಲೇ ರೀಮರ್ ಹಾಕಿದರೆ ಬುಷ್ ಒಳಗೆ ಹೋದಾಗ ಕುಗ್ಗಿ ಶಾಫ್ಟನ್ನು ಕಚ್ಚುತ್ತದೆ.

ಬಿಚ್ಚುವ ಮೊದಲು ಡ್ರಾಪ್ ಆರ್ಮ್ ಮತ್ತು ಶಾಫ್ಟಿನ ಮೇಲೆ ಒಂದೇ ಗೆರೆ ಬರುವಂತೆ ಪಂಚ್ ಗುರುತು ಹಾಕಿ. ಒಳಗಿನ ವರ್ಮ್ ಶಾಫ್ಟ್ (ಸುರುಳಿ ತೋಡಿನ ಶಾಫ್ಟ್) ಮತ್ತು ನಟ್ಟನ್ನು ಒಂದರಿಂದೊಂದು ಬೇರೆ ಮಾಡಬೇಡಿ. ಅದನ್ನು ನೆಟ್ಟಗೆ ನಿಲ್ಲಿಸಿದರೆ ನಟ್ಟು ತನ್ನ ಭಾರಕ್ಕೇ ಜಾರಿ ಕೊನೆಗೆ ಬಡಿಯುತ್ತದೆ, ಯಾವಾಗಲೂ ಮಲಗಿಸಿಡಿ. ಕೈಯಲ್ಲಿ ತಿರುಗಿಸಿದಾಗ ಗರಗರ ಎಂದರೆ, ವರ್ಮಿನ ಗುಂಡು ಓಡುವ ತೋಡಿನಲ್ಲಿ ಚುಕ್ಕೆ ಚುಕ್ಕೆ ಸಿಪ್ಪೆ ಎದ್ದಿದ್ದರೆ, ಅದು ರಿಪೇರಿಯಾಗುವ ವಸ್ತುವಲ್ಲ. ಸೆಟ್ಟೇ ಬದಲಿಸಬೇಕು, ಇಲ್ಲವೇ ಇಡೀ ಬಾಕ್ಸ್. ಸೆಕ್ಟರ್ ಶಾಫ್ಟಿನ ಸವೆದ ಹಲ್ಲಿಗೆ ವೆಲ್ಡಿಂಗ್ ತುಂಬಿ ಅರೆದು ಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ಒಪ್ಪಬೇಡಿ. ವೆಲ್ಡಿಂಗಿನ ಕಾವಿಗೆ ಶಾಫ್ಟಿನ ಹದ ಹೋಗಿ, ಪಕ್ಕದಲ್ಲೇ ಕಾಣದ ಸೀಳು ಹುಟ್ಟುತ್ತದೆ. ಸ್ಟೇರಿಂಗಿನ ಯಾವ ಕೊಂಡಿಗೂ, ಆರ್ಮಿಗೂ, ರಾಡಿಗೂ ವೆಲ್ಡಿಂಗ್ ಸಲ್ಲದು. ಕಟ್ಟಿದ ಮೇಲೆ ಎಸ್‌ಎಇ 90 ಗೇರ್ ಆಯಿಲ್ ತುಂಬಬೇಕು. ಸೋರುತ್ತದೆಂದು ಗ್ರೀಸ್ ತುಂಬಿದ ಬಾಕ್ಸ್‌ಗಳು ಕಾಣಸಿಗುತ್ತವೆ. ಗ್ರೀಸು ಹಲ್ಲಿನಿಂದ ಪಕ್ಕಕ್ಕೆ ಸರಿದರೆ ಮತ್ತೆ ವಾಪಸ್ ಬರುವುದಿಲ್ಲ, ಹಲ್ಲು ಒಣಗಿಯೇ ಅರೆಯುತ್ತದೆ.

ಗುಜರಿಯಿಂದ ತರುವ ಬಾಕ್ಸ್ ಅಗ್ಗ, ಆದರೆ ಅದೂ ನಿಮ್ಮದರಷ್ಟೇ ಓಡಿರುತ್ತದೆ. ತರುವುದಾದರೆ ಅಲ್ಲೇ ಸುತ್ತು ಎಣಿಸಿ ನಡುವಿಗೆ ತಂದು, ಡ್ರಾಪ್ ಆರ್ಮ್ ಹಿಡಿದು ಒಳಶಾಫ್ಟ್ ಆಡಿಸಿ ನೋಡಿ. ಸ್ಕ್ರೂ ಎಷ್ಟು ಮರೆ ಹೊರಗೆ ಉಳಿದಿದೆ ನೋಡಿ. ಪೂರ್ತಿ ಒಳಗೆ ಹೋಗಿದ್ದರೆ ಅದರ ಕತೆ ಮುಗಿದಿದೆ. ಶಾಫ್ಟಿನ ತುದಿಯ ಹಲ್ಲುಗಳು ನೇರ ಇವೆಯೇ, ತಿರುಚಿವೆಯೇ ನೋಡಿ. ತಿರುಚಿದ್ದರೆ ಆ ಗಾಡಿ ಎಲ್ಲೋ ಬಲವಾಗಿ ಬಡಿದಿದೆ, ಆ ಬಾಕ್ಸ್ ಬೇಡ. ಹೊಸ ಬಾಕ್ಸ್ ಸಿಗುವುದಾದರೆ, ಮತ್ತು ಹಳೆಯದರ ವರ್ಮ್ ಹೋಗಿದ್ದರೆ, ಗುಜರಿಗಿಂತ ಹೊಸದೇ ಮೇಲು.

ಪವರ್ ಸ್ಟೇರಿಂಗ್, ಡ್ಯಾಂಪರ್

ಪವರ್ ಸ್ಟೇರಿಂಗ್ ಹಾಕಿದರೆ ಪ್ಲೇ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಅದು ಕಡಿಮೆ ಮಾಡುವುದು ಕೈಯ ಶ್ರಮವನ್ನು. ಸವೆದ ಎಂಡ್‌ಗಳ ಮೇಲೆ ಇನ್ನೂ ಹೆಚ್ಚು ಬಲ ಬೀಳುತ್ತದೆ, ನಿಂತಲ್ಲೇ ತಿರುಗಿಸುವ ಚಟ ಬೆಳೆದು ಅವು ಬೇಗ ಹೋಗುತ್ತವೆ. 235 ಮಿ.ಮೀ. ಅಗಲದ ಟೈರು ಹಾಕಿದವರಿಗೆ, ಹೆಚ್ಚು ಊರೊಳಗೆ ಓಡಿಸುವವರಿಗೆ ಅದರಿಂದ ಉಪಯೋಗವಿದೆ. ಹಾಕುವುದಾದರೆ ಪವರ್ ಸ್ಟೇರಿಂಗ್ ಬಂದ ಜಿಪ್ಸಿಯದೇ ಬಾಕ್ಸ್, ಪಂಪ್, ಬ್ರ್ಯಾಕೆಟ್, ಪೈಪ್ ಹಾಕಿ. ಬೇರೆ ಕಾರಿನ ಎಲೆಕ್ಟ್ರಿಕ್ ಕಾಲಂ ಕತ್ತರಿಸಿ ವೆಲ್ಡ್ ಮಾಡಿ ಕೂರಿಸುವ ಕೆಲಸಕ್ಕೆ ನಮ್ಮ ಒಪ್ಪಿಗೆ ಇಲ್ಲ. ಶಾಫ್ಟಿನ ವೆಲ್ಡಿಂಗ್ ಒಂದು ಅಪಾಯ. ಗಾಡಿಯ ವೇಗದ ಸಿಗ್ನಲ್ ಸಿಗದ ಮೋಟರು ಹೆದ್ದಾರಿಯಲ್ಲೂ ಒಂದೇ ಹದದಲ್ಲಿ ದೂಡುತ್ತಿರುವುದು ಇನ್ನೊಂದು. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯೂ ಇದೆ.

ಸ್ಟೇರಿಂಗ್ ಡ್ಯಾಂಪರ್ ಅದುರಾಟವನ್ನು ನುಂಗುತ್ತದೆ, ಕಾರಣವನ್ನು ಮುಟ್ಟುವುದಿಲ್ಲ. ಎಲ್ಲ ಸರಿಮಾಡಿದ ಮೇಲೆ ಹಾಕಿದರೆ ಒಳ್ಳೆಯದು.

ಗಾಡಿ ಎತ್ತರಿಸಿದವರು ಇನ್ನೊಂದನ್ನು ನೋಡಬೇಕು. ಉದ್ದದ ಶ್ಯಾಕಲ್ (ಸ್ಪ್ರಿಂಗನ್ನು ಚಾಸಿಗೆ ಕಟ್ಟುವ ಕೊಂಡಿ) ಹಾಕಿದಾಗ ಆಕ್ಸಲ್ ತುಸು ತಿರುಗಿ, ಮೂಲದಲ್ಲಿ ಸುಮಾರು 3.5 ಡಿಗ್ರಿ ಇದ್ದ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಓರೆ) ಕಡಿಮೆಯಾಗುತ್ತದೆ. ಎಲ್ಲ ಜಾಯಿಂಟೂ ಬಿಗಿ, ಆದರೂ ಗಾಡಿ ಅಲೆಯುತ್ತದೆ, ತಿರುವಿನ ನಂತರ ತಾನಾಗಿ ನೇರವಾಗುವುದಿಲ್ಲ. ಇದಕ್ಕೆ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಹಾಕುವ ಓರೆ ಶಿಮ್ ಬೇಕು. ಅಂಥ ಗಾಡಿಯ ಬಾಕ್ಸ್ ಬಿಚ್ಚುವುದು ವ್ಯರ್ಥ ಖರ್ಚು.

ರ‍್ಯಾಕ್ ಸ್ಟೇರಿಂಗಿನ ಹಳೆಯ ಕಾರುಗಳಲ್ಲಿ ಬಾಕ್ಸಿನ ಜಾಗದಲ್ಲಿ ರ‍್ಯಾಕ್, ಡ್ರ್ಯಾಗ್ ಲಿಂಕಿನ ಜಾಗದಲ್ಲಿ ಬೆಲ್ಲೋಸಿನ (ಮಡಿಕೆಯ ರಬ್ಬರ್ ಕವಚದ) ಒಳಗಿನ ರ‍್ಯಾಕ್ ಎಂಡ್. ಬೆಲ್ಲೋಸ್ ಹರಿದಿದೆಯೇ ಎಂದು ಮೊದಲು ನೋಡಿ; ಹೊರಗಿನಿಂದಲೇ ಬೆಲ್ಲೋಸನ್ನು ಹಿಚುಕಿ ಹಿಡಿದು ಚಕ್ರ ಅಲುಗಿಸಿದರೆ ಒಳಗಿನ ಎಂಡಿನ ಪ್ಲೇ ಬೆರಳಿಗೆ ತಿಳಿಯುತ್ತದೆ. ಎಂಡ್, ಬುಷ್, ರ‍್ಯಾಕನ್ನು ಗಾಡಿಯ ಮೈಗೆ ಕಟ್ಟುವ ರಬ್ಬರ್ ಇಷ್ಟು ಬದಲಿಸಬಹುದು. ರ‍್ಯಾಕಿನ ನಡುವಿನ ಹಲ್ಲೇ ಸವೆದಿದ್ದರೆ ಪೂರ್ತಿ ರ‍್ಯಾಕ್ ಬದಲಿಸಿ. ಅದರ ಹಿಂದಿರುವ ಬಿಗಿಸುವ ಸ್ಕ್ರೂಗೂ ಮೇಲೆ ಹೇಳಿದ ಎಚ್ಚರಿಕೆಯೇ ಅನ್ವಯಿಸುತ್ತದೆ.

ಯಾವ ಕೆಲಸ ಮಾಡಿಸಿದರೂ ಮೊದಲ 500 ಕಿ.ಮೀ. ಓಡಿದ ಮೇಲೆ ಮತ್ತೆ ಕೆಳಗೆ ಮಲಗಿ ಬಾಕ್ಸಿನ ಬೋಲ್ಟ್, ಡ್ರಾಪ್ ಆರ್ಮಿನ ನಟ್, ಟೈ ರಾಡಿನ ಲಾಕ್ ನಟ್‌ಗಳನ್ನು ಪಾನಾ ಹಾಕಿ ನೋಡಿ. ಎಲ್ಲ ನಟ್‌ಗಳ ಮೇಲೂ ಬಣ್ಣದ ಒಂದು ಗೆರೆ ಎಳೆದಿಟ್ಟರೆ ಮುಂದಿನ ಸಲ ಯಾವುದು ತಿರುಗಿದೆ ಎಂದು ಟಾರ್ಚಿನ ಬೆಳಕಿನಲ್ಲೇ ಕಾಣುತ್ತದೆ.